ಊಟಕ್ಕೆ ಮುಂಚೆ ಕೈ ಮುಗಿಯುವುದನ್ನು ಕಲಿಸಿದ ಕುರಿತು

ಇವರಿಂದ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಕಮಲಾಪುರದ ಹತ್ತಿರದ ಒಂದು ಗ್ರಾಮ.

ಇವರಿಗೆ,
ಹೊಸದಾಗಿ ನೇಮಕಗೊಂಡಿರುವ ಅಂಗನವಾಡಿ ಕಾರ್ಯಕರ್ತೆಯರು.

ಮಾನ್ಯ ಸಹೋದರಿಯರೇ,

ವಿಷಯ: ಸಣ್ಣ ಮಕ್ಕಳಿಗೆ ಊಟಕ್ಕೆ ಮುಂಚಿನ ಪ್ರಾರ್ಥನೆ ಕಲಿಸುವಾಗ ನನ್ನಿಂದ ಆದ ತಪ್ಪುಗಳ ಕುರಿತು.

ಉಲ್ಲೇಖ: ನನ್ನ ಜಾಗಕ್ಕೆ ಬಂದಿರುವ ರೇಣುಕಾ ಅವರು ಬಾಯಿಮಾತಿನಲ್ಲಿ ಕೇಳಿದ್ದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಬರೆಯಲು ಕುಳಿತಿರುವ ನಾನು ಮೊದಲಿಗೆ ತಮ್ಮೆಲ್ಲರ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ರಿಜಿಸ್ಟರಿನ ಕಿರಿದಾದ ಕಾಲಮುಗಳಲ್ಲಿ ಮಕ್ಕಳ ಹೆಸರು ತುರುಕಿ ತುರುಕಿ ಕೈಬರಹ ಕುಗ್ಗಿಹೋಯಿತು. ಕೊನೆಯ ವರ್ಷಗಳಲ್ಲಿ ಎಲ್ಲವೂ ಮೊಬೈಲಿಗೆ ಬಂದ ಮೇಲೆ ಪೆನ್ನು ಹಿಡಿಯುವುದೇ ತಪ್ಪಿಹೋಯಿತು. ಮಹಾಪ್ರಾಣ ಅಕ್ಷರಗಳಲ್ಲಿ ನನಗೆ ಇಂದಿಗೂ ಅನುಮಾನ. ಇಷ್ಟು ವರ್ಷಗಳಲ್ಲಿ ನಾನು ಬರೆದಿರುವುದು ಕಛೇರಿಗೆ ಪತ್ರಗಳನ್ನು ಮಾತ್ರ. ಸೂರು ಸೋರುತ್ತಿದೆ, ತೂಕದ ಯಂತ್ರ ಕೆಟ್ಟಿದೆ, ಗ್ಯಾಸ್ ಸಿಲಿಂಡರ್ ಬಂದಿಲ್ಲ ಎಂದು ಬರೆದೆನೇ ಹೊರತು ಏನನ್ನೂ ಬೇಡದೆ ಒಂದು ಹಾಳೆಯನ್ನೂ ಬರೆದವಳಲ್ಲ. ಆದ್ದರಿಂದ ಇದೂ ಕಛೇರಿಯ ಪತ್ರದಂತೆಯೇ ಕಂಡರೆ ತಾವು ಮನ್ನಿಸಬೇಕು.

ರೇಣುಕಾ ಅವರು ಕೇಳಿದ್ದು ಸಣ್ಣ ಪ್ರಶ್ನೆ. "ಟೀಚರ್, ಮೂರು ವರ್ಷದ ಕೂಸಿಗೆ ಊಟಕ್ಕ ಮುಂಚೆ ಪ್ರಾರ್ಥನೆ ಹೆಂಗ ಕಲಿಸೋದ್ರಿ? ಕಣ್ಣು ಮುಚ್ಚು ಅಂದ್ರ ಕಣ್ಣು ಮುಚ್ಚಿ ಉಣ್ತಾವ." ಎರಡು ಮಾತಿನಲ್ಲಿ ಉತ್ತರ ಹೇಳಿ ಕಳಿಸಬಹುದಿತ್ತು. ಆದರೆ ಉತ್ತರ ಹೇಳಹೊರಟಾಗ ಅದರ ಹಿಂದೆ ನಮ್ಮ ಕೇಂದ್ರದ ಸಹಾಯಕಿ ಹನುಮವ್ವ ಅವರು, ರೈಸ್‌ಮಿಲ್ ಮನೆಯ ಗೌರಮ್ಮನವರು, ಅಕ್ಷತಾ ಎಂಬ ಮಗು ಎಲ್ಲರೂ ಬಂದರು. ಅವರನ್ನು ಬಿಟ್ಟು ಉತ್ತರವಿಲ್ಲವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕಂಪ್ಲಿಯಲ್ಲಿ, ಶೈವ ಮನೆತನದಲ್ಲಿ. ಮದುವೆಯಾಗಿ ಈ ಊರಿಗೆ ಬಂದ ಕೆಲವು ವರ್ಷಗಳಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು. ಹೊಸಪೇಟೆಯಲ್ಲಿ ತರಬೇತಿ ಕೊಟ್ಟಾಗ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿಸಿದರೆ ಮಕ್ಕಳಿಗೆ ಶಿಸ್ತು ಬರುತ್ತದೆ ಎಂದು ಹೇಳಿದರು. ಯಾವ ಪ್ರಾರ್ಥನೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ತಂದೆ ಊಟಕ್ಕೆ ಕುಳಿತಾಗ ಹೇಳುತ್ತಿದ್ದ ಎಂಟು ಸಾಲಿನ ಶಿವಸ್ತುತಿ ನನಗೆ ಬಾಯಿಗೆ ಬರುತ್ತಿತ್ತು. ಅದನ್ನೇ ಕಲಿಸಿದೆ. ಮಕ್ಕಳು ಮೊದಲ ಸಾಲನ್ನು ಜೋರಾಗಿ ಹೇಳುತ್ತಿದ್ದರು, ಎರಡನೆಯದನ್ನು ಗುನುಗುತ್ತಿದ್ದರು. ಎಂಟನೆಯ ಸಾಲಿಗೆ ನಾನೊಬ್ಬಳೇ ಇರುತ್ತಿದ್ದೆ. ಅಷ್ಟರೊಳಗೆ ತಟ್ಟೆಯಲ್ಲಿ ಆಗ ಕೊಡುತ್ತಿದ್ದ ಪುಡಿ ಆಹಾರದ ಉಂಡೆ ಖಾಲಿಯಾಗಿರುತ್ತಿತ್ತು.

ಆದರೂ ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ಒಮ್ಮೆ ಸಂಡೂರಿನಲ್ಲಿ ಅಂಗನವಾಡಿಗಳ ಪ್ರದರ್ಶನ ಕಾರ್ಯಕ್ರಮ ನಡೆದಾಗ ಆರು ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ವೇದಿಕೆಯ ಮೇಲೆ ಸಾಲಾಗಿ ಕೂರಿಸಿ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಬಾಳೆಹಣ್ಣು ಇಟ್ಟು, ಪ್ರಾರ್ಥನೆ ಶುರು ಮಾಡಿಸಿದೆ. ಐದನೆಯ ಸಾಲಿನಲ್ಲಿ ಸಭೆ ನಗಲಾರಂಭಿಸಿತು. ತಿರುಗಿ ನೋಡಿದರೆ ಒಬ್ಬ ಹುಡುಗ ಕಣ್ಣು ಬಿಗಿಯಾಗಿ ಮುಚ್ಚಿ, ಕೈ ಮುಗಿದುಕೊಂಡೇ, ಮುಗಿದ ಆ ಎರಡು ಕೈಗಳ ನಡುವೆ ಬಾಳೆಹಣ್ಣು ಹಿಡಿದು ಸಿಪ್ಪೆ ಸಮೇತ ತಿನ್ನುತ್ತಿದ್ದ. ನಾನು ವೇದಿಕೆಯಿಂದ ಇಳಿದು ಹಿಂದೆ ನಿಂತು ಅತ್ತೆ. ಆಗ ಗಣಿ ಕಾರ್ಮಿಕರ ವಸತಿಯಲ್ಲಿ ಕೇಂದ್ರ ನಡೆಸುತ್ತಿದ್ದ ಒಬ್ಬ ಹಿರಿಯ ಕಾರ್ಯಕರ್ತೆ ಬಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟರು.

"ಯಾಕ ಅಳ್ತಿ ತಂಗಿ? ಆ ಹುಡುಗ ತಪ್ಪು ಮಾಡ್ಯಾನೇನು? ಹಸದ ಕೂಸಿನ ಮುಂದ ಅನ್ನ ಇಟ್ಟು ಎಂಟು ಸಾಲು ಹೇಳ್ಕೊಂತ ಕುಂತ್ರ ದೇವ್ರೇ 'ಸಾಕು ಬಿಡವಾ' ಅಂತಾನ."

ಸದರಿ ಸಲಹೆಯನ್ನು ನಾನು ಅರ್ಧ ಮಾತ್ರ ಸ್ವೀಕರಿಸಿದೆ. ಎಂಟು ಸಾಲನ್ನು ನಾಲ್ಕಕ್ಕೆ ಇಳಿಸಿದೆ.

ಮಿಕ್ಕ ನಾಲ್ಕನ್ನೂ ಬಿಡಿಸಿದವರು ಆನಂದ್ ಅವರು. ಹೊಸಪೇಟೆ ಕಡೆಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಈ ಯುವಕರ ಮಗ ನಮ್ಮಲ್ಲಿಗೆ ಬರುತ್ತಿದ್ದ. ಅವರದು ಬೌದ್ಧ ಕುಟುಂಬ. ಒಂದು ದಿನ ಶಿಫ್ಟ್ ಮುಗಿಸಿ ನೇರವಾಗಿ ಕೇಂದ್ರಕ್ಕೆ ಬಂದು, ಬಾಗಿಲಲ್ಲಿಯೇ ಚಪ್ಪಲಿ ಬಿಟ್ಟು, ಬಹಳ ಸಂಕೋಚದಿಂದ ನಿಂತರು.

"ಸಿಟ್ಟಾಗಬ್ಯಾಡ್ರಿ ಟೀಚರ್. ನಮ್ಮ ಹುಡುಗ ಊಟಕ್ಕ ಮುಂಚೆ ಕೈ ಮುಗೀಲಿ, ನಾವೇನು ಬ್ಯಾಡ ಅನ್ನಂಗಿಲ್ಲ. ಆದ್ರ ಯಾರಿಗೆ ಮುಗೀತಿಯೋ ಅಂತ ಕೇಳಿದ್ರ ಅವನಿಗೆ ಹೇಳಾಕ ಬರವಲ್ದು. ನೀವೇ ಹೇಳ್ರಿ, ಅವನಿಗೆ ಗೊತ್ತಾಗೋ ಅಂಥಾದ್ದು ಏನರ ಐತೇನು?"

ಮೊದಲಿಗೆ ನನಗೆ ಸಿಟ್ಟೇ ಬಂತು. ತಂದೆಯ ಪ್ರಾರ್ಥನೆಯನ್ನು ಬಿಡು ಎಂದಂತಾಯಿತಲ್ಲ ಎಂದು ಎರಡು ದಿನ ಅವರ ಮಗನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಮೂರನೆಯ ದಿನ ಪರೀಕ್ಷಿಸೋಣವೆಂದು ನಮ್ಮ ಶೈವ ಮನೆತನದವರದೇ ಒಂದು ಮಗುವನ್ನು ಕರೆದು, "ಯಾರಿಗೆ ಕೈ ಮುಗೀತೀ?" ಎಂದು ಕೇಳಿದೆ. ಮಗು ಯೋಚಿಸಿ, "ಸಾರಿಗೆ" ಎಂದಿತು. ಆ ಮೇಲೆ ಕುಳಿತು ಹೊಸದಾಗಿ ನಾಲ್ಕು ಸಾಲು ಬರೆದೆ. ತಮ್ಮ ಅವಗಾಹನೆಗಾಗಿ ಅದನ್ನು ಇಲ್ಲಿ ನಮೂದಿಸಿದ್ದೇನೆ:

ಅಕ್ಕಿ ಬೆಳೆದವರಿಗೆ ನಮಸ್ಕಾರ,
ನೀರು ತಂದವರಿಗೆ ನಮಸ್ಕಾರ,
ಅಡುಗೆ ಮಾಡಿದವರಿಗೆ ನಮಸ್ಕಾರ,
ದೇವರೇ, ಎಲ್ಲರಿಗೂ ಅನ್ನ ಸಿಗಲಿ.

ಆನಂದ್ ಅವರಿಗೆ ಓದಿ ತೋರಿಸಿದೆ. ಅವರು ನಕ್ಕು, "ಕೊನೇ ಸಾಲಿನಾಗ ನಮ್ಮ ಹುಡುಗ 'ಎಲ್ಲರಿಗೂ ಅನ್ನ ಸಿಗಲಿ' ಅಂತ ಅಷ್ಟೇ ಅಂದ್ರ ನಡೀತೈತೇನ್ರಿ?" ಎಂದರು. ನಡೆಯುತ್ತದೆ ಎಂದೆ. ಆ ಹುಡುಗ ಕೊನೆಯವರೆಗೂ 'ದೇವರೇ' ಎಂಬ ಮಾತಿನ ಜಾಗದಲ್ಲಿ ಒಮ್ಮೆ ಉಸಿರು ಎಳೆದುಕೊಂಡು ಮುಂದಕ್ಕೆ ಹೋಗುತ್ತಿದ್ದ.

ಈಗ ರೇಣುಕಾ ಅವರ ಪ್ರಶ್ನೆಗೆ ಉತ್ತರ. ಮೂರು ವರ್ಷದ ಮಗುವಿಗೆ 'ಬೆಳೆದವರು', 'ಮಾಡಿದವರು' ಎಂದರೆ ತಿಳಿಯುವುದಿಲ್ಲ. ಒಂದು ಮುಖ ಬೇಕು. ಮೊದಲ ಸಾಲಿಗೆ ನಾನು ಮಕ್ಕಳನ್ನು ಬಾಗಿಲ ಕಡೆಗೆ ತಿರುಗಿಸುತ್ತಿದ್ದೆ. ಅಲ್ಲಿಂದ ಕಾಲುವೆಯ ಕೆಳಗಿನ ಗದ್ದೆ ಕಾಣುತ್ತಿತ್ತು. ಎಷ್ಟೋ ಮಕ್ಕಳ ತಾಯಂದಿರು ಅಲ್ಲಿಯೇ ನಾಟಿ ಮಾಡುತ್ತಲೋ ಕಳೆ ಕೀಳುತ್ತಲೋ ಇರುತ್ತಿದ್ದರು. ಎರಡನೆಯ ಮತ್ತು ಮೂರನೆಯ ಸಾಲಿಗೆ ಅಡುಗೆ ಕೋಣೆಯ ಕಡೆಗೆ ತಿರುಗುವುದು. ಏಕೆಂದರೆ ನೀರು ತರುವವರೂ ಅಡುಗೆ ಮಾಡುವವರೂ ಒಬ್ಬರೇ, ನಮ್ಮ ಸಹಾಯಕಿ ಹನುಮವ್ವ. ಅವರು ಸೌಟು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಕ್ಕಳು "ಅಡುಗೆ ಮಾಡಿದವರಿಗೆ ನಮಸ್ಕಾರ" ಎಂದು ಹೇಳಿ, ಕೇಳದಿದ್ದರೂ "ಹನುಮವ್ವಗ ನಮಸ್ಕಾರ" ಎಂದು ಸೇರಿಸುತ್ತಿದ್ದರು. "ಉಣ್ರಿ ನನ್ನ ಬಂಗಾರಗಳಿರಾ" ಎಂದು ಅವರು ಉತ್ತರ ಕೊಡುತ್ತಿದ್ದರು. ಹತ್ತು ದಿನದೊಳಗೆ ಇಡೀ ಕೇಂದ್ರ ಕಲಿತುಬಿಟ್ಟಿತು. ಕಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ. ಯಾರಿಗೆ ನಮಸ್ಕಾರ ಮಾಡುತ್ತೇವೆಯೋ ಅವರನ್ನು ನೋಡಬೇಕಲ್ಲ.

ಇಲ್ಲಿಯವರೆಗೆ ಓದಿದವರು ನನ್ನನ್ನು ಜಾಣೆ ಎಂದು ಭಾವಿಸಬಾರದೆಂದು ವಿನಂತಿ. ನಿಜವಾದ ತಪ್ಪನ್ನು ಇನ್ನು ಬರೆಯುತ್ತಿದ್ದೇನೆ.

ಹನುಮವ್ವನವರ ಮನೆ ಕಾಲುವೆಯ ಆಚೆಗಿನ ಕೇರಿಯಲ್ಲಿ. ಅವರು ಪರಿಶಿಷ್ಟ ಜಾತಿಗೆ ಸೇರಿದವರು. ಪುಡಿ ಆಹಾರ ಹಂಚುತ್ತಿದ್ದ ಕಾಲ ಮುಗಿದು ಕೇಂದ್ರದಲ್ಲಿಯೇ ಅನ್ನ ಸಾರು ಮಾಡಬೇಕೆಂದು ಆದೇಶ ಬಂದಾಗ, ಊರ ಮುಂದಿನ ಓಣಿಯ ಏಳು ಮನೆಯವರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಕೂಸಿಗೆ ಖಾರ ಹೊಂದಂಗಿಲ್ರಿ ಟೀಚರ್" ಎಂದು ಏಳು ಮನೆಯಲ್ಲಿಯೂ ಒಂದೇ ಮಾತು. ಮಕ್ಕಳ ಸಾರಿಗೆ ನಾವು ಖಾರ ಹಾಕುತ್ತಲೇ ಇರಲಿಲ್ಲ.

ಹಾಜರಾತಿ ಇಳಿದರೆ ಮೇಲಿನವರು ಕೇಳುತ್ತಾರೆಂಬ ಭಯದಿಂದ ನಾನು ಒಂದು ಉಪಾಯ ಮಾಡಿದೆ. ಬಡಿಸುವುದಕ್ಕೆ ಮುಂಚೆಯೇ, ಖಾಲಿ ತಟ್ಟೆಗಳ ಮುಂದೆ ಎಲ್ಲರಿಂದಲೂ ಪ್ರಾರ್ಥನೆ ಮಾಡಿಸುವುದು. ಪ್ರಾರ್ಥನೆ ಮುಗಿದ ಕೂಡಲೇ "ಮನೆಗೆ ಹೋಗುವವರು ಏಳಿ" ಎನ್ನುವುದು. ಏಳು ಮಕ್ಕಳು ಎದ್ದು ಹೋದ ಮೇಲೆ ಉಳಿದವರಿಗೆ ಬಡಿಸುವುದು. ಹೀಗೆ ಏಳೂ ಮಕ್ಕಳು ಮರಳಿ ಬಂದರು, ಯಾರ ಮನಸ್ಸೂ ನೋಯಲಿಲ್ಲ ಎಂದು ನಾನು ಬೀಗಿದೆ. ಹನುಮವ್ವನವರ ಮನಸ್ಸನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನೊಂದು ಸಂಗತಿಯನ್ನು ಮರೆಮಾಚದೆ ತಮ್ಮ ಗಮನಕ್ಕೆ ತರುತ್ತೇನೆ. ನಾನೂ ಮನೆಯಿಂದ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದೆ. ಕೇಂದ್ರದ ಅನ್ನ ಮಕ್ಕಳದು, ಅದರಲ್ಲಿ ನಾನು ತೆಗೆದುಕೊಳ್ಳಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಈ ಏರ್ಪಾಡು ಕೆಲವು ವರ್ಷ ನಡೆಯಿತು. ನಂತರ ಅಕ್ಷತಾ ಬಂದಳು. ರೈಸ್‌ಮಿಲ್ ಇಟ್ಟುಕೊಂಡಿದ್ದ ಮನೆಯ ಗೌರಮ್ಮನವರ ಮೊಮ್ಮಗಳು, ವಯಸ್ಸು ನಾಲ್ಕು, ಧ್ವನಿ ಮಾತ್ರ ನಲವತ್ತು ವರ್ಷದವರದು. ಪ್ರಾರ್ಥನೆಯನ್ನು ಅವಳೇ ಹೇಳಿಕೊಡುತ್ತಿದ್ದಳು. ತಪ್ಪಿದವರ ಕೈ ಹಿಡಿದು ಅಡುಗೆ ಕೋಣೆಯ ಕಡೆ ತಿರುಗಿಸುತ್ತಿದ್ದಳು. ಇಷ್ಟೆಲ್ಲ ಮಾಡಿ, ನಾನು "ಮನೆಗೆ ಹೋಗುವವರು ಏಳಿ" ಎಂದಾಗ ಎದ್ದು ಹೋಗುವ ಆ ಏಳು ಮನೆಗಳ ಮಕ್ಕಳಲ್ಲಿ ಅವಳೂ ಒಬ್ಬಳು. ಒಂದು ದಿನ ಏಳಲಿಲ್ಲ.

"ಅಕ್ಷತಾ, ಏಳವ್ವ. ಅಜ್ಜಿ ಕಾಯ್ತಿರ್ತಾರ."

"ಹನುಮವ್ವ ಉಣ್ಣು ಅಂದಾಳಲ್ರಿ ಟೀಚರ್."

"ಅದು ಎಲ್ಲಾರಿಗೂ ಅಂತಾಳ."

"ನಾನೂ ಎಲ್ಲಾರೊಳಗ ಅದೀನಿ."

ನಾನು ಅವಳ ಕೈ ಹಿಡಿದು ಎಬ್ಬಿಸಿ ಬಾಗಿಲವರೆಗೆ ಬಿಟ್ಟು ಬಂದೆ. ಹನುಮವ್ವ ಬೆನ್ನು ತಿರುಗಿಸಿ ಒಲೆಯ ಕಡೆ ಹೋದರು.

ಮರುದಿನ ಹನ್ನೊಂದು ಗಂಟೆಯ ಸುಮಾರಿಗೆ ಗೌರಮ್ಮನವರು ಖುದ್ದಾಗಿ ಕೇಂದ್ರಕ್ಕೆ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು.

"ಏನ್ ಕಲಿಸೀರಿ ಟೀಚರ್ ನಮ್ಮ ಹುಡುಗಿಗೆ? ಮುಂಜಾನಿಂದ ಒಲಿ ಮುಂದ ಕುಂತು ನಾ ರೊಟ್ಟಿ ಬಡೀತೀನಿ. ಈಕಿ ತಟ್ಟಿ ಮುಂದ ಕುಂತು, ಕೈ ಮುಗದು, 'ಹನುಮವ್ವಗ ನಮಸ್ಕಾರ' ಅಂತಾಳ! ನನ್ನ ಅಡಿಗಿ, ನನ್ನ ಒಲಿ, ನಮಸ್ಕಾರ ಹನುಮವ್ವಗ! 'ಅಜ್ಜಿಗೆ ನಮಸ್ಕಾರ ಅನ್ನು ಬೇ' ಅಂದ್ರ, 'ಅಜ್ಜಿಗೆ ಅಂತ ಪ್ರಾರ್ಥನಿಯೊಳಗ ಇಲ್ಲ' ಅಂತಾಳ."

ನಾನು ನಗು ತಡೆಯಲಾರದೆ ಹೋದೆ. ಅವರ ಮುಖದಲ್ಲೂ ನಗು ಬಂದು ಹೋಯಿತು. ಆ ಸಲಿಗೆಯಲ್ಲಿ ನಾನು, "ಒಂದಿನ ಆಕಿನ್ನ ಇಲ್ಲೇ ಉಣ್ಣಾಕ ಬಿಡ್ರಿ ಅಜ್ಜಿ. ಅಲ್ಲಿ ನಿಮಗ, ಇಲ್ಲಿ ಹನುಮವ್ವಗ ಅಂತ ಆಕಿಗೇ ತಿಳೀತೈತಿ" ಎಂದೆ.

"ಆಕಿಗೆ ಖಾರ ಹೊಂದಂಗಿಲ್ಲ."

"ಖಾರ ಹಾಕಂಗೇ ಇಲ್ಲಲ್ರಿ."

ಗೌರಮ್ಮನವರ ನಗು ನಿಂತಿತು. "ನನಗ ಹೇಳಾಕ ಬರ್ತೀರಲ್ಲ, ನೀವೇನು ಆಕಿ ಕೈಯಾಗಿಂದು ಉಣ್ತೀರೇನು? ದಿನಾ ಡಬ್ಬಿ ಕಟ್ಕೊಂಡು ಬರೋದು ಊರಿಗೆಲ್ಲ ಗೊತ್ತೈತ್ರಿ ಟೀಚರ್."

ಅಡುಗೆ ಕೋಣೆಯಲ್ಲಿ ಪಾತ್ರೆಯೊಳಗೆ ತಿರುಗುತ್ತಿದ್ದ ಸೌಟಿನ ಸದ್ದು ನಿಂತುಹೋಯಿತು. ಗೌರಮ್ಮನವರೇ ಮಾತು ಮುಂದುವರಿಸಿದರು.

"ಹಂಗಾದ್ರ ಒಂದ್ ಕೆಲಸ ಮಾಡ್ರಿ. ಬರೋ ಸೋಮವಾರ ನಾನೇ ಬಂದು ಅಡಿಗಿ ಮಾಡ್ತೀನಿ. ಎಲ್ಲಾ ಹುಡುಗ್ರೂ ಉಣ್ಣಲಿ, ನೀವೂ ಉಣ್ಣರಿ. ಅವತ್ತರ ನನ್ನ ಹೆಸರು ಹೇಳಲಿ."

"ಆತ್ರಿ" ಎಂದುಬಿಟ್ಟೆ.

ನಮ್ಮ ಮೇಲ್ವಿಚಾರಕಿ ಮೇಡಂಗೆ ಫೋನ್ ಮಾಡಿ ತಿಳಿಸಿದೆ. ಅವರು ಕೆಟ್ಟವರಲ್ಲ, ಕೆಲಸದ ಒತ್ತಡದಲ್ಲಿದ್ದವರು. "ಭಾಳ ಚಲೋ ಆತಲ್ರಿ! ಊರಿನವರು ಬಂದು ಅಡಿಗಿ ಮಾಡೋದು ಅಂದ್ರ ಸಮುದಾಯದ ಸಹಭಾಗಿತ್ವ. ಫೋಟೋ ತೆಗದು ಗ್ರೂಪಿಗೆ ಹಾಕ್ರಿ. ಆ ಏಳು ಹುಡುಗ್ರೂ ಉಂಡ್ರ ಮುಂದ ದಿನಾ ಒಬ್ಬೊಬ್ಬರನ್ನ ಕರೆಸೋಣ. ಹನುಮವ್ವ ಪಾತ್ರಿ, ಕಸ ನೋಡ್ಕೊಳ್ಳಲಿ" ಎಂದು ಆದೇಶಿಸಿದರು.

ಫೋನ್ ಇಟ್ಟ ಮೇಲೆಯೇ ನಾನು ಮಾಡಿದ್ದು ಏನೆಂದು ತಿಳಿಯಿತು. ಸೋಮವಾರ ಎಲ್ಲವೂ ಸುಸೂತ್ರವಾಗಿ ನಡೆದರೆ ಹನುಮವ್ವ ಮತ್ತೆ ಆ ಅಡುಗೆ ಕೋಣೆಯೊಳಗೆ ಕಾಲಿಡುವಂತಿಲ್ಲ. ಅದನ್ನು ಅವರಿಗೆ ಹೇಳಬೇಕಾದವಳೂ ನಾನೇ. ಹೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ಸೋಮವಾರ ನಾ ರಜಾ ಹಾಕ್ಲೇನ್ರಿ ಟೀಚರಮ್ಮ?"

"ಬ್ಯಾಡ ಹನುಮವ್ವ. ಪಾತ್ರಿ ಅದಾವಲ್ಲ…"

"ಹೌದಲ್ರಿ, ಪಾತ್ರಿ ಅದಾವ. ತೊಳಿಯೋವಾಗ ಮುಟ್ಟಿದ್ರ ನಡೀತೈತಿ, ಉಣ್ಣೋವಾಗ ಅಷ್ಟೇ ನಡ್ಯಂಗಿಲ್ಲ."

ಸೋಮವಾರ ಬೆಳಿಗ್ಗೆ ಮನೆಯಿಂದ ಹೊರಟು ಕಾಲುವೆಯ ದಾರಿ ಹಿಡಿದಾಗ ನನ್ನ ಕೈ ಹಗುರವಾಗಿರುವುದು ಗೊತ್ತಾಯಿತು. ಅಂದು ನಾನು ಡಬ್ಬಿ ಕಟ್ಟಿರಲಿಲ್ಲ. ಗೌರಮ್ಮನವರ ಅಡುಗೆಯಲ್ಲವೇ, ಉಂಡರಾಯಿತು ಎಂದು ಕೈ ತಾನೇ ತಾನಾಗಿ ಬಿಟ್ಟುಬಂದಿತ್ತು. ಅನ್ನ ಮಕ್ಕಳದು, ನಾನು ತೆಗೆದುಕೊಳ್ಳಬಾರದು ಎಂದು ಅಷ್ಟು ವರ್ಷ ಹೇಳಿಕೊಂಡಿದ್ದು ಎಲ್ಲಿ ಹೋಯಿತು? ನಾನು ದಾರಿಯಲ್ಲಿ ನಿಂತೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯುವವರೆಗೆ ನಿಂತೇ ಇದ್ದೆ.

ಗೌರಮ್ಮನವರು ನನಗಿಂತ ಮುಂಚೆಯೇ ಬಂದಿದ್ದರು. ಹನುಮವ್ವ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಳಿತು, ಮೊದಲೇ ತೊಳೆದಿದ್ದ ಲೋಟಗಳನ್ನು ಮತ್ತೆ ತೊಳೆಯುತ್ತಿದ್ದರು. ಒಳಗಿನಿಂದ ಬೇಳೆಗೆ ಒಗ್ಗರಣೆ ಬಿದ್ದ ಘಮ ಬರುತ್ತಿತ್ತು. ಸಾರು ಮಾಡುವುದರಲ್ಲಿ ಗೌರಮ್ಮನವರದು ಎತ್ತಿದ ಕೈ. ಆದರೆ ಅವರು ಮನೆಯಲ್ಲಿ ಆರು ಜನಕ್ಕೆ ಅಡುಗೆ ಮಾಡಿದವರು. ಇಲ್ಲಿ ಮೂವತ್ತು ಮಕ್ಕಳು, ಜೊತೆಗೆ ಗರ್ಭಿಣಿಯರು. ಅನ್ನದ ಬೋಗುಣಿ ದೊಡ್ಡದು, ಕೇಂದ್ರದ ಗ್ಯಾಸ್ ಒಲೆಯ ಉರಿಯೂ ಜೋರು. ಅದರ ಗುಂಡಿ ತಿರುವಿ ಉರಿ ಸಣ್ಣ ಮಾಡಲು ಹನುಮವ್ವನ ಹೊರತು ಯಾರಿಗೂ ಬರುತ್ತಿರಲಿಲ್ಲ.

ನಾನು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಾಗ ಸೀದ ವಾಸನೆ ಬಂತು. ಓಡಿ ಹೋದೆ. ಗೌರಮ್ಮನವರು ಎರಡು ಕೈಗೂ ಬಟ್ಟೆ ಹಿಡಿದು ಬೋಗುಣಿ ಇಳಿಸಲು ಹೆಣಗುತ್ತಿದ್ದರು. ಅದು ಅರ್ಧ ಎದ್ದು ಮತ್ತೆ ಕುಳಿತುಕೊಳ್ಳುತ್ತಿತ್ತು. ಕುದಿಯುವ ಗಂಜಿ ಅಂಚಿನಿಂದ ಚೆಲ್ಲುತ್ತಿತ್ತು. ಹಿಂಬಾಗಿಲ ಹೊಸ್ತಿಲಲ್ಲಿ ಹನುಮವ್ವ ನಿಂತಿದ್ದರು.

"ಅಜ್ಜಿ, ಬಿಡ್ರಿ, ಕೈ ಸುಟ್ಕೊಂತೀರಿ. ನಾ ಇಳಸ್ತೀನಿ."

"ಒಳಗ ಬರಬ್ಯಾಡ ನೀ. ಅಲ್ಲೇ ನಿಂದ್ರು."

ಹನುಮವ್ವ ಅಲ್ಲೇ ನಿಂತರು. ನಿಂತಲ್ಲಿಂದಲೇ, "ಗುಂಡಿನ್ನ ಒಳಗ ಒತ್ತಿ ಎಡಕ್ಕ ತಿರುವ್ರಿ" ಎಂದರು. ಗೌರಮ್ಮನವರು ತಿರುವಿದರು, ಉರಿ ಇನ್ನೂ ಜೋರಾಯಿತು. ಇಬ್ಬರೂ ನನ್ನ ಮುಖ ನೋಡಿದರು.

ನಾನು ಆ ಕೇಂದ್ರದಲ್ಲಿ ಸಾವಿರಾರು ಸಲ "ಮನೆಗೆ ಹೋಗುವವರು ಏಳಿ" ಎಂದಿದ್ದೆ. ಅಂದು ಬಾಯಿಯಿಂದ ಬೇರೆ ಮಾತು ಬರಬೇಕಿತ್ತು. ಬಂತು.

"ಹನುಮವ್ವ, ಒಳಗ ಬಾ. ಅದು ನಿನ್ನ ಅಡಿಗಿ ಮನಿ. ಅಜ್ಜಿ, ನೀವು ಸರೀರಿ."

ಗೌರಮ್ಮನವರು ಬೋಗುಣಿಯನ್ನು ಬಿಡಲಿಲ್ಲ. ಒಂದು ಕ್ಷಣ ನನ್ನನ್ನು ಸುಡುವಂತೆ ನೋಡಿದರು. ಮತ್ತಷ್ಟು ಗಂಜಿ ಉಕ್ಕಿ ಅವರ ಬೆರಳಿಗೆ ತಾಗಿತು. "ಇಳಸು ಬೇ ಜಲ್ದಿ!" ಎಂದು ಕೂಗಿ ಪಕ್ಕಕ್ಕೆ ಸರಿದರು. ಹನುಮವ್ವ ಮೂರು ಹೆಜ್ಜೆಯಲ್ಲಿ ಬಂದು, ಗುಂಡಿ ತಿರುವಿ, ಬೋಗುಣಿ ಇಳಿಸಿ, ಅದೇ ಕೈಯಲ್ಲಿ ತಣ್ಣೀರು ತುಂಬಿದ ತಂಬಿಗೆ ಎತ್ತಿ ಗೌರಮ್ಮನವರ ಬೆರಳುಗಳ ಮೇಲೆ ಸುರಿದರು. ಅದಾದ ಮೇಲೆ ಮೂವರೂ ಬಗ್ಗಿ ಅನ್ನವನ್ನು ನೋಡಿದೆವು. ತಳ ಮಾತ್ರ ಸೀದಿತ್ತು. ಮೇಲಿನದು ಮಲ್ಲಿಗೆಯಂತಿತ್ತು.

ಅಂದು ನಾನು ಮೊದಲು ಬಡಿಸಲು ಹೇಳಿದೆ. ಮೂವತ್ತು ತಟ್ಟೆಗೂ ಅನ್ನ ಬಿದ್ದ ಮೇಲೆ ಪ್ರಾರ್ಥನೆ ಶುರುವಾಯಿತು. ಮಕ್ಕಳು ಬಾಗಿಲ ಕಡೆ ತಿರುಗಿದರು, ನಂತರ ಅಡುಗೆ ಕೋಣೆಯ ಕಡೆ ತಿರುಗಿದರು. ಅಲ್ಲಿ ಇಬ್ಬರು ನಿಂತಿದ್ದರು. ಮಕ್ಕಳಿಗೆ ಗೊಂದಲವಾಯಿತು. ಅಕ್ಷತಾ ಮುಗಿದ ಕೈಯನ್ನು ಬಿಡದೆಯೇ ಕೇಳಿದಳು.

"ಅಜ್ಜೀ, ಅಡಿಗಿ ಯಾರು ಮಾಡ್ಯಾರ?"

ಗೌರಮ್ಮನವರು ಮೊಮ್ಮಗಳನ್ನು ನೋಡಿದರು, ಹನುಮವ್ವನನ್ನು ನೋಡಿದರು, ಸುಟ್ಟ ಬೆರಳಿಗೆ ಗಾಳಿ ಊದಿಕೊಂಡರು.

"ಸಾರು ನಂದು. ಅನ್ನ… ಅನ್ನ ಈಕಿ ಇಳಿಸ್ಯಾಳ."

"ಸೀದದ್ದು?"

"ಸೀದದ್ದು ನಂದಲ್ಲ, ಈಕಿದೂ ಅಲ್ಲ. ಅದು ಟೀಚರ್ ಗ್ಯಾಸಿಂದು."

ಹನುಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮಕ್ಕಳು "ಅಜ್ಜಿಗೆ ನಮಸ್ಕಾರ, ಹನುಮವ್ವಗ ನಮಸ್ಕಾರ" ಎಂದರು. ಒಬ್ಬ ಹುಡುಗ "ಗ್ಯಾಸಿಗೂ ನಮಸ್ಕಾರ" ಎಂದ. ಆ ಏಳು ಮಕ್ಕಳಲ್ಲಿ ಇಬ್ಬರು, ನಾನು ಹೇಳದಿದ್ದರೂ, ರೂಢಿಯಂತೆ ಎದ್ದು ಮನೆಗೆ ಹೋದರು. ಐವರು ಕುಳಿತೇ ಇದ್ದರು. ಗೌರಮ್ಮನವರು ಅಕ್ಷತಾಳನ್ನು ಏಳು ಎನ್ನಲಿಲ್ಲ. ಉಣ್ಣು ಎಂದೂ ಹೇಳಲಿಲ್ಲ. ಅವಳು ಅಪ್ಪಣೆಗೆ ಕಾಯಲಿಲ್ಲ. ನಾನು ಒಂದು ತಟ್ಟೆ ತೆಗೆದುಕೊಂಡು ಮಕ್ಕಳ ಸಾಲಿನ ಕೊನೆಯಲ್ಲಿ ಕುಳಿತು, "ಹನುಮವ್ವ, ನನಗೂ ಹಾಕು" ಎಂದೆ. ಅವರು ಹಾಕಿದರು. ಗೌರಮ್ಮನವರು ಮಾತ್ರ ಉಣ್ಣಲಿಲ್ಲ, ಉಪವಾಸ ಎಂದರು. ಅಂದು ಯಾವ ಉಪವಾಸವೂ ಇರಲಿಲ್ಲ. ನಾನು ಒತ್ತಾಯಿಸಲಿಲ್ಲ. ಫೋಟೋ ತೆಗೆಯುವುದು ಮರೆತುಹೋಗಿತ್ತು. ಮೇಡಂ ಸಂಜೆ ಕೇಳಿದಾಗ ನಡೆದದ್ದನ್ನು ನಡೆದಂತೆ ವರದಿ ಮಾಡಿದೆ. ಅವರು, "ಅಡಿಗಿ ಹನುಮವ್ವನೇ ಮುಂದುವರಿಸಲಿ ಬಿಡ್ರಿ" ಎಂದರು. ಗೌರಮ್ಮನವರೂ "ಆ ಗ್ಯಾಸಿನ ಮುಂದ ನಾ ಇನ್ನ ನಿಂದ್ರಂಗಿಲ್ಲ ತಾಯಿ" ಎಂದು ಹೇಳಿ ಕಳಿಸಿದ್ದರು.

ಊಟದ ನಂತರ ಹನುಮವ್ವ ಬೋಗುಣಿಯ ತಳ ಉಜ್ಜುತ್ತ ಕುಳಿತಿದ್ದರು. ನಾನು ಪಕ್ಕದಲ್ಲಿ ಕುಳಿತು ನೀರು ಹಾಕಿದೆ. ಇಷ್ಟು ವರ್ಷ ಡಬ್ಬಿ ತಂದದ್ದು, ಮಕ್ಕಳನ್ನು ದಿನವೂ ಎಬ್ಬಿಸಿ ಕಳಿಸಿದ್ದು, ಎರಡೂ ನನ್ನ ತಪ್ಪು ಎಂದೆ. ಹೇಳಬೇಕೆಂದುಕೊಂಡದ್ದು ಇನ್ನೂ ಬಹಳವಿತ್ತು. 'ಕ್ಷಮಿಸು' ಎಂದು ಮಾತ್ರ ಹೇಳಿ ತಂಬಿಗೆಯಲ್ಲಿ ಮತ್ತೆ ನೀರು ತುಂಬಿದೆ.

ಅವರು ಉಜ್ಜುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ನನ್ನ ಕೈ ಅನ್ನ ಇವತ್ತು ರುಚಿ ಆತೇನ್ರಿ?"

"ಆತು."

"ದಿನಾನೂ ಹಂಗ ಇರ್ತಿತ್ರಿ." ತೆಂಗಿನ ನಾರಿನಿಂದ ಬೋಗುಣಿಯ ಅಂಚು ಉಜ್ಜಿದರು. "ಇರ್ಲಿ ಬಿಡ್ರಿ. ನಾಳಿಗೆ ಅಕ್ಕಿ ಎಷ್ಟು ಹಾಕ್ಲಿ ಹೇಳ್ರಿ. ಆ ಏಳು ಹುಡುಗ್ರದೂ ಸೇರಿಸಿ ಹಾಕ್ಲೇನು?"

ಆ ಮಕ್ಕಳು ಉಣ್ಣಲು ಕೂರುತ್ತಾರೋ ಇಲ್ಲವೋ ನನಗೆ ತಿಳಿದಿರಲಿಲ್ಲ. "ಹಾಕು" ಎಂದೆ.

"ಬರಲಿಲ್ಲಂದ್ರ?"

"ನಾವಿಬ್ರೂ ಕುಂತು ಉಣ್ಣೋಣ."

ಮರುದಿನ ನಾಲ್ವರು ಉಂಡರು. ಐದನೆಯ ಮಗು ವಾರದ ನಂತರ ಕುಳಿತಿತು. ಆರನೆಯದು ಮಳೆಗಾಲ ಕಳೆದ ಮೇಲೆ ತಾನಾಗಿಯೇ ತಟ್ಟೆ ಹಿಡಿದು ಬಂತು. ಏಳನೆಯ ಮನೆಯವರು ನಾನು ನಿವೃತ್ತಳಾಗುವವರೆಗೂ ಒಪ್ಪಲಿಲ್ಲ. ಹನುಮವ್ವ ಮಾತ್ರ ಆ ಮನೆಯ ಮಗುವಿನ ಪಾಲಿನ ಅಕ್ಕಿಯನ್ನು ಒಂದು ದಿನವೂ ಕಡಿಮೆ ಮಾಡಲಿಲ್ಲ. ಈಗಲೂ ಹಾಕುತ್ತಾರೆಂದು ರೇಣುಕಾ ಅವರು ತಿಳಿಸಿದ್ದಾರೆ.

ಆದ್ದರಿಂದ ಹೊಸದಾಗಿ ಬರುವ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಅನ್ನ ಬಡಿಸಿದ ಮೇಲೆ ಪ್ರಾರ್ಥನೆ ಮಾಡಿಸಿ, ಮುಗಿದ ಮೇಲೆ ಯಾರನ್ನೂ ಎಬ್ಬಿಸಬೇಡಿ, ತಾವೂ ಒಂದು ತಟ್ಟೆ ಹಿಡಿದು ಆ ಸಾಲಿನಲ್ಲಿ ಕುಳಿತುಕೊಳ್ಳಿ.

ಈ ಬರಹದಲ್ಲಿ ಅಕ್ಷರ, ಒತ್ತು, ದೀರ್ಘ ಎಲ್ಲಿ ತಪ್ಪಿದ್ದರೂ ತಾವು ಕೆಂಪು ಶಾಯಿಯಲ್ಲಿ ತಿದ್ದಬೇಕು. ನಡೆದುಕೊಂಡ ರೀತಿಯಲ್ಲಿ ನನಗೆ ಕಾಣದ ತಪ್ಪು ಇನ್ನೇನಾದರೂ ತಮಗೆ ಕಂಡರೆ, ಅದನ್ನು ತಮ್ಮ ತಮ್ಮ ಕೇಂದ್ರಗಳಲ್ಲಿ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ